ಕೆಟ್ಟ ಎಂಜಿನ್, ಸಿಗದ ಕೂಲಿ: ಅಮೆರಿಕದ ರೈಲು ಸಿಬ್ಬಂದಿಯ ಕ್ಲೇಮ್‌ಗಳು ಎಲ್ಲಿ ಬೀಳುತ್ತವೆ, ಯಾಕೆ?

ಅಮೆರಿಕದ ಸರಕು ರೈಲಿನ ಕ್ಯಾಬಿನೊಳಗೆ ಎಷ್ಟು ಚಳಿ ಇರಬಹುದು ಎಂಬುದಕ್ಕೆ ಅಲ್ಲಿನ ಕಾನೂನಿನಲ್ಲಿ ಅಳತೆಯಿದೆ. ಸೀಟಿನ ನಡುಭಾಗದಿಂದ 6 ಇಂಚು ಮೇಲೆ ಥರ್ಮಾಮೀಟರ್ ಹಿಡಿದರೆ ಅದು ಕನಿಷ್ಠ 60 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 15.5 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. 2012ರವರೆಗೆ ಈ ಮಿತಿ 50 ಡಿಗ್ರಿ ಇತ್ತು. ಈಗ ಒಂದು ಸನ್ನಿವೇಶ ಊಹಿಸಿಕೊಳ್ಳಿ. ಜನವರಿಯ ರಾತ್ರಿ, ನೆಬ್ರಾಸ್ಕಾದ ಬಯಲು, ಹೀಟರ್ ಕೆಟ್ಟ ಎಂಜಿನ್. ಹನ್ನೊಂದು ಗಂಟೆ ನಡುಗುತ್ತಲೇ ರೈಲು ಓಡಿಸಿ ಇಳಿದ ಸಿಬ್ಬಂದಿ, ‘ನಿಯಮ ಮುರಿದಿದ್ದೀರಿ, ಒಂದು ದಿನದ ಹೆಚ್ಚುವರಿ ಸಂಬಳ ಕೊಡಿ’ ಎಂದು ಕ್ಲೇಮ್ ಹಾಕುತ್ತಾರೆ. ಕೆಲ ದಿನಗಳಲ್ಲಿ ಒಂದು ಸಾಲಿನ ಉತ್ತರ ಬರುತ್ತದೆ: ತಿರಸ್ಕರಿಸಲಾಗಿದೆ. ಅವರು ಪಟ್ಟ ಪಾಡು ನಿಜ, ಕಂಪನಿ ನಿಯಮ ಮುರಿದದ್ದೂ ನಿಜ. ಆದರೂ ದುಡ್ಡು ಬರುವುದಿಲ್ಲ, ಏಕೆಂದರೆ ಅವರು ಆಧಾರವಾಗಿ ತೋರಿಸಿದ ನಿಯಮದಲ್ಲಿ ಸಿಬ್ಬಂದಿಗೆ ದುಡ್ಡು ಕೊಡುವ ಮಾತೇ ಇಲ್ಲ.

ಈ ವಿಷಯದಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಎಂಜಿನ್ ಹೇಗಿರಬೇಕು ಎಂದು ಹೇಳುವುದು ಸರ್ಕಾರದ ನಿಯಮ: ಫೆಡರಲ್ ನಿಯಮಾವಳಿಯ 49ನೇ ಶೀರ್ಷಿಕೆಯ 229ನೇ ಭಾಗ. ಅದನ್ನು ಜಾರಿ ಮಾಡುವುದು ಫೆಡರಲ್ ರೈಲ್‌ರೋಡ್ ಅಡ್ಮಿನಿಸ್ಟ್ರೇಷನ್. ನಿಯಮ ಮುರಿದರೆ ಕಂಪನಿ ದಂಡ ಕಟ್ಟುವುದು ಸರ್ಕಾರಕ್ಕೆ. ಸಿಬ್ಬಂದಿಗೆ ಎಷ್ಟು ಕೊಡಬೇಕು ಎಂದು ಹೇಳುವುದು ಕಂಪನಿ ಮತ್ತು ಯೂನಿಯನ್ ನಡುವಿನ ಒಪ್ಪಂದ. ನಮ್ಮಲ್ಲಿ ಲೋಕೊ ಪೈಲಟ್ ಎನ್ನುವವರನ್ನು ಅಲ್ಲಿ ಎಂಜಿನಿಯರ್ ಎನ್ನುತ್ತಾರೆ. ಅವರ ಒಪ್ಪಂದಗಳು ಬಹುತೇಕ ಬ್ರದರ್‌ಹುಡ್ ಆಫ್ ಲೋಕೊಮೋಟಿವ್ ಎಂಜಿನಿಯರ್ಸ್ ಆಂಡ್ ಟ್ರೇನ್‌ಮೆನ್ ಯೂನಿಯನ್ ಮಾಡಿಕೊಂಡವು. ಎಂಜಿನಿಯರ್ ಜೊತೆ ಇದ್ದು ರೈಲಿನ ಉಸ್ತುವಾರಿ ನೋಡುವ ಕಂಡಕ್ಟರ್‌ಗಳದ್ದು ಹೆಚ್ಚಾಗಿ ಸ್ಮಾರ್ಟ್ ಯೂನಿಯನ್ನಿನ ಸಾರಿಗೆ ವಿಭಾಗದ್ದು. ಒಂದೇ ಕಂಪನಿಯೊಳಗೂ ಹಳೆಯ ವಿಲೀನಗಳ ಕಾರಣದಿಂದ ಪ್ರದೇಶಕ್ಕೊಂದು ಒಪ್ಪಂದ ಇರುತ್ತದೆ. ಹಾಗಾಗಿ ಪಕ್ಕದ ಟರ್ಮಿನಲ್‌ನವರಿಗೆ ಶೌಚಾಲಯ ಕೆಟ್ಟದ್ದಕ್ಕೆ ದುಡ್ಡು ಸಿಕ್ಕಿತೆಂದು ಇಲ್ಲಿಯೂ ಸಿಗುತ್ತದೆ ಎಂದು ನಂಬಿಕೊಳ್ಳುವಂತಿಲ್ಲ. ಕ್ಲೇಮ್ ಬರೆಯಲು ಕೂರುವ ಮೊದಲು ತಮ್ಮ ಒಪ್ಪಂದದ ಪುಸ್ತಕದಲ್ಲಿ ಎಂಜಿನ್ ಸ್ಥಿತಿಗೆ ಸಂಬಂಧಿಸಿದ ವಿಧಿ ಇದೆಯೇ, ಪತ್ರರೂಪದ ಪೂರಕ ಒಪ್ಪಂದಗಳಲ್ಲಿ ಏನಾದರೂ ಇದೆಯೇ ಎಂದು ನೋಡಲೇಬೇಕು. ವಿಧಿಯ ಸಂಖ್ಯೆ ಇಲ್ಲದ ಕ್ಲೇಮ್, ಕೊನೆಯಲ್ಲಿ ವ್ಯಾಜ್ಯ ತೀರ್ಮಾನಿಸುವ ಮಧ್ಯಸ್ಥರ ಮುಂದೆ ಬರಿಯ ದೂರಾಗಿ ಉಳಿಯುತ್ತದೆ.

ಸರ್ಕಾರದ ನಿಯಮ ನಿರುಪಯೋಗಿ ಎಂದು ಇದರ ಅರ್ಥವಲ್ಲ. ಒಪ್ಪಂದದಲ್ಲಿ ‘ಎಂಜಿನ್ ಸುಸ್ಥಿತಿಯಲ್ಲಿರಬೇಕು’ ಎಂಬಷ್ಟೇ ಮಾತು ಇದ್ದರೆ, ಸುಸ್ಥಿತಿ ಎಂದರೇನು ಎಂಬುದಕ್ಕೆ ಅಳತೆಗೋಲಾಗುವುದು 229ನೇ ಭಾಗವೇ. ಆದ್ದರಿಂದ ಅದರ ಕೆಲವು ಅಂಶಗಳು ನಾಲಿಗೆಯ ತುದಿಯಲ್ಲಿರಬೇಕು.

ಬಳಕೆಯಲ್ಲಿರುವ ಪ್ರತಿ ಎಂಜಿನ್‌ಗೂ ಪ್ರತಿ ಕ್ಯಾಲೆಂಡರ್ ದಿನಕ್ಕೊಮ್ಮೆ ತಪಾಸಣೆ ಆಗಬೇಕು. ಇಲ್ಲಿ ‘ಕ್ಯಾಲೆಂಡರ್ ದಿನ’ ಎಂಬ ಪದ ಮುಖ್ಯ. ಸೋಮವಾರ ನಸುಕಿನ 12:10ಕ್ಕೆ ತಪಾಸಣೆ ಆಗಿದ್ದರೆ ಮುಂದಿನದು ಮಂಗಳವಾರ ರಾತ್ರಿ 11:59ರೊಳಗೆ ಆದರೂ ನಿಯಮಕ್ಕೆ ಭಂಗವಿಲ್ಲ. ಹತ್ತಿರಹತ್ತಿರ 48 ಗಂಟೆಗಳ ಅಂತರ! ಸಿಬ್ಬಂದಿ ‘24 ಗಂಟೆ ಮೀರಿದೆ’ ಎಂದು ಬರೆದ ಕ್ಲೇಮ್‌ಗಳು ಇದೇ ಕಾರಣಕ್ಕೆ ಬೀಳುತ್ತವೆ. ಕ್ಯಾಬಿನಲ್ಲಿ ಕೊನೆಯ ತಪಾಸಣೆಯ ಸ್ಥಳ, ದಿನ, ಸಮಯ ತೋರಿಸುವ ದಾಖಲೆ, ಅಂದರೆ ತಪಾಸಣಾ ಕಾರ್ಡು, ಇರಬೇಕು. ಎಂಜಿನ್ ಹತ್ತಿದ ಕೂಡಲೇ ಮೊದಲು ನೋಡಬೇಕಾದದ್ದು ಅದನ್ನು.

ತಪಾಸಣೆಯಲ್ಲಿ ಕಂಡ ದೋಷವನ್ನು ಎಂಜಿನ್ ಬಳಸುವ ಮೊದಲೇ ಸರಿಪಡಿಸಬೇಕೆಂಬುದು ಸಾಮಾನ್ಯ ನಿಯಮ. ಆದರೆ ದಾರಿಯಲ್ಲಿ ಹುಟ್ಟಿದ ದೋಷಕ್ಕೆ ವಿನಾಯಿತಿ ಇದೆ: ಅರ್ಹ ವ್ಯಕ್ತಿಯೊಬ್ಬರು ಓಡಿಸುವುದು ಸುರಕ್ಷಿತವೆಂದು ನಿರ್ಧರಿಸಿದ್ದರೆ, ಮುಂದಿನ ದೈನಂದಿನ ತಪಾಸಣೆ ಅಥವಾ ರಿಪೇರಿ ಸಾಧ್ಯವಿರುವ ಮುಂದಿನ ಸಮೀಪದ ಜಾಗ, ಈ ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅಲ್ಲಿಯವರೆಗೆ ಹಾಗೇ ಓಡಿಸಬಹುದು. ಆದ್ದರಿಂದ ‘ದೋಷ ಇತ್ತು’ ಎನ್ನುವುದಕ್ಕಿಂತ ‘ದೋಷ ಹೊರಡುವ ಮೊದಲೇ ಇತ್ತು’ ಎನ್ನುವುದು ಹತ್ತು ಪಟ್ಟು ಗಟ್ಟಿ. ಕ್ಲೇಮ್‌ನ ಜೀವಾಳ ಇದೇ.

ಶೌಚಾಲಯದ ನಿಯಮ 2002ರಲ್ಲಿ ಬಂತು. ರೈಲನ್ನು ಮುನ್ನಡೆಸುವ ಎಂಜಿನ್‌ನಲ್ಲಿ ಮುಚ್ಚುವ ಬಾಗಿಲು, ಗಾಳಿಯಾಟ, ಕೆಲಸ ಮಾಡುವ ಶೌಚಾಲಯ, ಕೈ ತೊಳೆಯುವ ವ್ಯವಸ್ಥೆ, ಟಾಯ್ಲೆಟ್ ಪೇಪರ್, ಕಸದ ಡಬ್ಬಿ ಇರಬೇಕು. ಫ್ಲಶ್ ಮಾಡುವಷ್ಟು ನೀರಿರಬೇಕು, ಕಟ್ಟಿಕೊಂಡಿರಬಾರದು. ಕೆಟ್ಟಿದ್ದರೆ ಅಂಥ ಎಂಜಿನ್ನನ್ನು ಹಿಂದಿನ ಸ್ಥಾನಕ್ಕೆ ಹಾಕಿ ಬಳಸಲು ಅವಕಾಶವಿದೆ. ಅಂದರೆ ಹಿಂದಿನ ಎಂಜಿನ್ ಮುಂದೆ ಹಾಕುವಂತಿದ್ದೂ ಹಾಕಲಿಲ್ಲ ಎಂದು ತೋರಿಸಿದರೆ ಕಂಪನಿಯ ‘ಬೇರೆ ದಾರಿ ಇರಲಿಲ್ಲ’ ಎಂಬ ವಾದ ನಿಲ್ಲುವುದಿಲ್ಲ. ಏರ್ ಕಂಡೀಷನರ್ ವಿಷಯ ಬೇರೆ. ಫೆಡರಲ್ ನಿಯಮ ಅದನ್ನು ಕಡ್ಡಾಯ ಮಾಡಿದ್ದು 2012ರ ಜೂನ್ 8ರಂದು ಅಥವಾ ನಂತರ ಮೊದಲ ಬಾರಿ ಸೇವೆಗೆ ಬಂದ ಎಂಜಿನ್‌ಗಳಿಗೆ ಮಾತ್ರ. ಚಳಿಗೆ ಅಳತೆ ಇಟ್ಟ ನಿಯಮ ಸೆಕೆಗೆ ಮಿತಿ ಇಟ್ಟಿಲ್ಲ. ಅರಿಝೋನಾದ ಬೇಸಿಗೆಯಲ್ಲಿ ದುಡಿಯುವವರಿಗೆ ಇದು ದೊಡ್ಡ ಅನ್ಯಾಯ. ಅಲ್ಲಿ ಒಪ್ಪಂದದ ಮಾತೊಂದೇ ಆಸರೆ. ನೆಲದ ಮೇಲೆ ಎಣ್ಣೆ, ಸಡಿಲ ಸೀಟು, ಕಾಣದಂತೆ ಮಸುಕಾದ ಗಾಜು ಇವೆಲ್ಲ 229.119ನೇ ಸೆಕ್ಷನ್‌ನಲ್ಲಿವೆ.

ಇನ್ನು ಬರೆಯುವ ಕೆಲಸ. ತಿರಸ್ಕೃತವಾಗುವ ಕ್ಲೇಮ್ ಹೆಚ್ಚಾಗಿ ಹೀಗಿರುತ್ತದೆ: ‘ಎಂಜಿನ್‌ನ ಟಾಯ್ಲೆಟ್ ಅಸಹ್ಯವಾಗಿತ್ತು. ಒಂದು ದಿನದ ಪೆನಾಲ್ಟಿ ಕೊಡಿ.’ ಇದೇ ಸಂಗತಿ ಹೀಗಿದ್ದರೆ ನೋಡಿ:

‘21:30ಕ್ಕೆ ಡ್ಯೂಟಿಗೆ ಹಾಜರು. 21:55ಕ್ಕೆ ಮುಂದಿನ ಎಂಜಿನ್ (ಸಂಖ್ಯೆ) ಹತ್ತಿದೆವು. ಟಾಯ್ಲೆಟ್‌ನಲ್ಲಿ ನೀರಿಲ್ಲ, ಫ್ಲಶ್ ಆಗುವುದಿಲ್ಲ, ಬೋಗುಣಿ ಕಟ್ಟಿಕೊಂಡಿದೆ. ಕಾರ್ಡಿನ ಪ್ರಕಾರ ಕೊನೆಯ ದೈನಂದಿನ ತಪಾಸಣೆ ಇದೇ ದಿನ 14:10ಕ್ಕೆ, ಇದೇ ಯಾರ್ಡಿನಲ್ಲಿ. 22:02ಕ್ಕೆ ಯಾರ್ಡ್‌ಮಾಸ್ಟರ್‌ಗೆ ರೇಡಿಯೊದಲ್ಲಿ ತಿಳಿಸಿ, ಎಂಜಿನ್ ಬದಲಿಸಿ ಅಥವಾ ಸ್ವಚ್ಛ ಮಾಡಿಸಿ ಎಂದು ಕೇಳಿದೆವು. 22:15ಕ್ಕೆ ಇದ್ದ ಹಾಗೇ ಹೊರಡಲು ಆದೇಶ. ಎರಡನೇ ಎಂಜಿನ್‌ನ (ಸಂಖ್ಯೆ) ಟಾಯ್ಲೆಟ್ ಸರಿಯಿತ್ತು, ಅದು ಮುಂದಿನ ಸ್ಥಾನಕ್ಕೆ ಯೋಗ್ಯವೂ ಆಗಿತ್ತು. ಒಪ್ಪಂದದ ಇಂಥ ವಿಧಿಯ ಉಲ್ಲಂಘನೆಗಾಗಿ ಒಂದು ಮೂಲ ದಿನದ ವೇತನ ಕೇಳುತ್ತಿದ್ದೇವೆ.’

ಇದರಲ್ಲಿ ಕೋಪದ ಮಾತು ಒಂದೂ ಇಲ್ಲ. ದೋಷ ಏನು, ಯಾವಾಗ ಕಂಡಿತು, ಯಾರಿಗೆ ಹೇಳಲಾಯಿತು, ಅವರಿಗೆ ಸರಿಪಡಿಸಲು ಎಷ್ಟು ಹೊತ್ತಿತ್ತು, ಏನು ಆದೇಶ ಬಂತು ಎಂಬುದೆಲ್ಲ ಗಡಿಯಾರದ ಸಮಯದೊಂದಿಗೆ ಇದೆ. ರೇಡಿಯೊದಲ್ಲಿ ಮಾತನಾಡುವುದಕ್ಕೂ ಕಾರಣವಿದೆ: ಅಂಗಳದಲ್ಲಿ ಮುಖಾಮುಖಿ ಹೇಳಿದ್ದನ್ನು ‘ನಮಗೆ ಹೇಳಿಯೇ ಇಲ್ಲ’ ಎನ್ನುವುದು ಸುಲಭ, ರೇಡಿಯೊ ಮಾತನ್ನು ಹಾಗೆನ್ನುವುದು ಕಷ್ಟ. ‘ಮೂಲ ದಿನ’ ಎಂದರೆ 8 ಗಂಟೆ, ಅಥವಾ ದೂರದ ಸರಕು ರೈಲಿನಲ್ಲಿ 130 ಮೈಲಿ. ಪೆನಾಲ್ಟಿಯ ಬೆಲೆಯನ್ನು ಹೆಚ್ಚಾಗಿ ಇದರಲ್ಲೇ ಕಟ್ಟುತ್ತಾರೆ. ಕಂಪ್ಯೂಟರಿನ ಕ್ಲೇಮ್ ಪರದೆಯಲ್ಲಿ ಅಕ್ಷರಗಳಿಗೆ ಮಿತಿ ಇದ್ದರೆ ಪೂರ್ತಿ ವಿವರವನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದು, ಇಬ್ಬರೂ ಸಹಿ ಮಾಡಿ, ಅಂದೇ ಯೂನಿಯನ್ನಿನ ಸ್ಥಳೀಯ ಪ್ರತಿನಿಧಿಯಾದ ಲೋಕಲ್ ಚೇರ್‌ಮನ್‌ಗೆ ಕಳುಹಿಸಬೇಕು. ಎಂಜಿನಿಯರ್ ಒಂದು ಸಮಯ, ಕಂಡಕ್ಟರ್ ಇನ್ನೊಂದು ಸಮಯ ಬರೆದರೆ ಎರಡೂ ಕ್ಲೇಮ್ ಸತ್ತಂತೆ.

ಫೋಟೊ ವಿಷಯದಲ್ಲಿ ತುಂಬ ಎಚ್ಚರ ಬೇಕು. ಕ್ಯಾಬಿನಲ್ಲಿ ಸ್ವಂತ ಮೊಬೈಲ್ ಬಳಕೆಗೆ ಫೆಡರಲ್ ನಿಷೇಧವಿದೆ. ಸುರಕ್ಷತಾ ಅಪಾಯವನ್ನೋ ನಿಯಮ ಉಲ್ಲಂಘನೆಯನ್ನೋ ದಾಖಲಿಸಲು ಫೋಟೊ ತೆಗೆಯಬಹುದು ಎಂಬ ವಿನಾಯಿತಿ ಇದೆ, ಆದರೆ ಅದು ಬರೀ ಕ್ಯಾಮೆರಾಕ್ಕೆ. ಸ್ವಂತ ಮೊಬೈಲಿನೊಳಗಿನ ಕ್ಯಾಮೆರಾಕ್ಕೆ ಆ ವಿನಾಯಿತಿ ಇಲ್ಲ. ಓಡುತ್ತಿರುವ ರೈಲಿನ ಎಂಜಿನಿಯರ್ ಯಾವ ಕ್ಯಾಮೆರಾವನ್ನೂ ಮುಟ್ಟುವಂತಿಲ್ಲ. ಕೊಳಕು ಟಾಯ್ಲೆಟ್‌ನ ಫೋಟೊ ಮೊಬೈಲಿನಲ್ಲಿ ತೆಗೆದು ಒಂದು ದಿನದ ಸಂಬಳ ಕೇಳಲು ಹೋದವರು ಕೆಲಸಕ್ಕೇ ಕುತ್ತು ತಂದುಕೊಳ್ಳಬಹುದು. ಒಂದು ಸಣ್ಣ ಡಿಜಿಟಲ್ ಕ್ಯಾಮೆರಾ, ಒಂದು ಥರ್ಮಾಮೀಟರ್ ಚೀಲದಲ್ಲಿದ್ದರೆ ಸಾಕು. ‘ತುಂಬ ಚಳಿ ಇತ್ತು’ ಎಂಬುದು ಅಭಿಪ್ರಾಯ. ‘02:40ಕ್ಕೆ ಎಂಜಿನಿಯರ್ ಸೀಟಿನ 6 ಇಂಚು ಮೇಲೆ 47 ಡಿಗ್ರಿ, 04:10ಕ್ಕೆ 44’ ಎಂಬುದು ಪುರಾವೆ.

ಕೆಟ್ಟ ಎಂಜಿನ್‌ನಿಂದ ಬೇರೆ ಬಗೆಯ ಕ್ಲೇಮ್‌ಗಳೂ ಹುಟ್ಟುತ್ತವೆ, ಎಷ್ಟೋ ಸಲ ಅವೇ ಗೆಲ್ಲುವಂಥವು. ಬದಲಿ ಎಂಜಿನ್‌ಗೆ ಕಾದ ಹೊತ್ತು ಆರಂಭಿಕ ಟರ್ಮಿನಲ್ ವಿಳಂಬಕ್ಕೆ, ಅಂದರೆ ಹೊರಡುವ ಜಾಗದಲ್ಲೇ ತಡವಾದದ್ದಕ್ಕೆ ಸಿಗುವ ಪಾವತಿಗೆ, ಸೇರಬಹುದು. ದಾರಿಯಲ್ಲಿ ಕೆಟ್ಟ ಎಂಜಿನ್ನನ್ನು ಕಳಚಿ ಬದಿಯ ಹಳಿಗೆ ಬಿಟ್ಟು ಬರುವ ಕೆಲಸಕ್ಕೆ ಒಪ್ಪಂದದಲ್ಲಿ ಪ್ರತ್ಯೇಕ ದರ ಇರಬಹುದು. ಮೆಕ್ಯಾನಿಕ್ ಮಾಡಬೇಕಾದ ಕೆಲಸವನ್ನು ಸಿಬ್ಬಂದಿಯ ಕೈಲಿ ಮಾಡಿಸಿದ್ದರೆ ಅದು ಬೇರೆಯೇ ಉಲ್ಲಂಘನೆ. ಇವನ್ನೆಲ್ಲ ಒಂದೇ ಕ್ಲೇಮ್‌ಗೆ ತುರುಕಬಾರದು; ಒಂದು ಬಿದ್ದರೆ ಉಳಿದವನ್ನೂ ಎಳೆದುಕೊಂಡು ಬೀಳುತ್ತದೆ. ಹಾಗೆಂದು ಒಂದೇ ಗಂಟೆಗೆ ಎರಡು ಕಡೆ ದುಡ್ಡು ಕೇಳಿದರೂ ಮಧ್ಯಸ್ಥರು ಒಪ್ಪುವುದಿಲ್ಲ. ಗಾಯವಾಗಿದ್ದರೆ ಮಾತ್ರ ಕ್ಲೇಮ್ ಪರದೆಯ ಹತ್ತಿರವೂ ಹೋಗಬೇಡಿ: ಅದಕ್ಕೆ 1908ರ ಫೆಡರಲ್ ಎಂಪ್ಲಾಯರ್ಸ್ ಲಯಬಿಲಿಟಿ ಕಾಯ್ದೆ ಇದೆ, ಮೂರು ವರ್ಷದೊಳಗೆ ಕೋರ್ಟಿಗೆ ಹೋಗಬೇಕು, ವಕೀಲರು ಬೇಕು.

ತಿರಸ್ಕಾರದ ನಂತರ

ಮೊದಲ ತಿರಸ್ಕಾರವನ್ನು ಅಂತಿಮ ಎಂದುಕೊಂಡು ಕೈಬಿಡುವವರೇ ಹೆಚ್ಚು. ಅಸಲು ಪ್ರಕ್ರಿಯೆ ಶುರುವಾಗುವುದೇ ಅಲ್ಲಿಂದ. ಲೋಕಲ್ ಚೇರ್‌ಮನ್ ಮೇಲ್ಮನವಿ ಬರೆಯುತ್ತಾರೆ, ಅದು ಬಿದ್ದರೆ ಯೂನಿಯನ್ನಿನಲ್ಲಿ ಅವರ ಮೇಲಿನ ಹಂತದ ಜನರಲ್ ಚೇರ್‌ಮನ್ ಕಂಪನಿಯ ಕಾರ್ಮಿಕ ವ್ಯವಹಾರಗಳ ಉನ್ನತ ಅಧಿಕಾರಿಗೆ ಬರೆಯುತ್ತಾರೆ, ಆಮೇಲೆ ಎರಡೂ ಕಡೆಯವರು ಕೂತು ಮಾತುಕತೆ ನಡೆಸುತ್ತಾರೆ. ಪ್ರತಿ ಮೆಟ್ಟಿಲಿಗೂ ಗಡುವು ಇರುತ್ತದೆ. ಹಲವು ಒಪ್ಪಂದಗಳಲ್ಲಿ ಅದು 60 ದಿನ. ಗಡುವು ಇಬ್ಬರಿಗೂ ಅನ್ವಯಿಸುತ್ತದೆ. ಕಂಪನಿ ಸಮಯಕ್ಕೆ ತಿರಸ್ಕರಿಸದಿದ್ದರೆ ಕೇಳಿದ್ದನ್ನು ಕೇಳಿದಂತೆ ಕೊಡಬೇಕೆಂಬ ವಿಧಿ ಎಷ್ಟೋ ಒಪ್ಪಂದಗಳಲ್ಲಿದೆ. ಆದ್ದರಿಂದ ಯಾವ ದಿನ ಕಳುಹಿಸಿದೆವು, ಯಾವ ದಿನ ಉತ್ತರ ಬಂತು ಎಂಬುದನ್ನು ಬರೆದಿಡದ ಲೋಕಲ್ ಚೇರ್‌ಮನ್ ಗೆದ್ದ ಕ್ಲೇಮ್‌ಗಳನ್ನೂ ಕಳೆಯುತ್ತಾರೆ.

ಮಾತುಕತೆಯೂ ಮುರಿದರೆ ಮಧ್ಯಸ್ಥಿಕೆ. ರೈಲ್ವೆ ಲೇಬರ್ ಕಾಯ್ದೆ ಬಂದದ್ದು 1926ರಲ್ಲಿ. 1934ರ ತಿದ್ದುಪಡಿಯಿಂದ ನ್ಯಾಷನಲ್ ರೈಲ್‌ರೋಡ್ ಅಡ್ಜಸ್ಟ್‌ಮೆಂಟ್ ಬೋರ್ಡ್ ಹುಟ್ಟಿತು. ಷಿಕಾಗೊದಲ್ಲಿರುವ ಈ ಮಂಡಳಿಯ ಮೊದಲನೇ ವಿಭಾಗ ರೈಲು ಓಡಿಸುವ ಸಿಬ್ಬಂದಿಯ ವ್ಯಾಜ್ಯಗಳನ್ನು ನೋಡುತ್ತದೆ. ಬಾಕಿ ವ್ಯಾಜ್ಯಗಳ ರಾಶಿ ಬೆಳೆದಾಗ 1966ರಲ್ಲಿ ಪಬ್ಲಿಕ್ ಲಾ ಬೋರ್ಡ್ ಎಂಬ ಸಣ್ಣ ಮಂಡಳಿಗಳಿಗೂ ದಾರಿ ತೆರೆಯಿತು. ಒಪ್ಪಂದದ ಅರ್ಥದ ಬಗೆಗಿನ ಇಂಥ ಜಗಳಕ್ಕೆ ಕಾನೂನಿನ ಭಾಷೆಯಲ್ಲಿ ‘ಕಿರು ವ್ಯಾಜ್ಯ’ ಎನ್ನುತ್ತಾರೆ, ಇದಕ್ಕಾಗಿ ಮುಷ್ಕರ ಹೂಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1957ರಲ್ಲೇ ಹೇಳಿದೆ. ಸಿಬ್ಬಂದಿಯ ಕೈಲಿ ಉಳಿದಿರುವುದು ಕಾಗದ ಮಾತ್ರ.

ಆ ಕಾಗದದ ಬಗ್ಗೆ ಕಟ್ಟುನಿಟ್ಟು ಎಷ್ಟೆಂದರೆ, ಮಾತುಕತೆ ನಡೆದ ದಾಖಲೆ ಕಡತದಲ್ಲಿಲ್ಲ ಎಂಬ ಕಾರಣಕ್ಕೆ ಮಂಡಳಿಯ ಪೀಠವೊಂದು ಎಂಜಿನಿಯರ್‌ಗಳ ಯೂನಿಯನ್ ತಂದ ಐದು ಪ್ರಕರಣಗಳನ್ನು ವಿಚಾರಿಸದೆಯೇ ವಜಾ ಮಾಡಿತ್ತು. ಅದು ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2009ರಲ್ಲಿ ಕೋರ್ಟ್ ಸರ್ವಾನುಮತದಿಂದ, ಆ ದಾಖಲೆಯ ಕೊರತೆ ಮಂಡಳಿಯ ಅಧಿಕಾರವ್ಯಾಪ್ತಿಯನ್ನು ಕಸಿಯುವುದಿಲ್ಲ ಎಂದಿತು. ಯೂನಿಯನ್ ಗೆದ್ದಿತು, ಆದರೆ ಮಾತುಕತೆಯ ದಿನಾಂಕವೊಂದನ್ನು ಬರೆದಿಟ್ಟಿದ್ದರೆ ದೇಶದ ಅತ್ಯುನ್ನತ ನ್ಯಾಯಾಲಯದ ಮೆಟ್ಟಿಲೇರುವ ಪ್ರಮೇಯವೇ ಬರುತ್ತಿರಲಿಲ್ಲ.

ಮಂಡಳಿಯ ಮುಂದೆ ಹೊಸ ಪುರಾವೆ ತರುವಂತಿಲ್ಲ. ಕೆಳಹಂತದಲ್ಲಿ ಕಡತಕ್ಕೆ ಸೇರಿದ್ದಷ್ಟೇ ಲೆಕ್ಕ. ಸಿಬ್ಬಂದಿ ‘ಹೇಳಿದೆವು’ ಎಂದು, ಕಂಪನಿ ‘ಹೇಳಲಿಲ್ಲ’ ಎಂದು ನಿಂತರೆ ಮಧ್ಯಸ್ಥರು ಯಾರನ್ನೂ ನಂಬಲು ಹೋಗದೆ ಕ್ಲೇಮ್ ವಜಾ ಮಾಡುತ್ತಾರೆ, ಏಕೆಂದರೆ ಸಾಬೀತು ಮಾಡುವ ಹೊಣೆ ಕೇಳಿದವರದ್ದು. ಇಲ್ಲಿಯೇ ಹೆಚ್ಚಿನವರ ಗಮನಕ್ಕೆ ಬಾರದ ಒಂದು ಬಲೆ ಇದೆ. ದೈನಂದಿನ ತಪಾಸಣೆಯ ವರದಿಯನ್ನು ಕಂಪನಿ 92 ದಿನ ಇಟ್ಟುಕೊಂಡರೆ ಕಾನೂನಿಗೆ ಸಾಕು. ಕ್ಲೇಮ್ ಹಾಕಲು 60 ದಿನ, ತಿರಸ್ಕರಿಸಲು ಇನ್ನು 60 ದಿನ ಎಂದಾದರೆ, ಮೊದಲ ಮೇಲ್ಮನವಿ ಬರೆಯುವ ಹೊತ್ತಿಗೆ ಅತಿ ಮುಖ್ಯ ಪುರಾವೆ ಕಾನೂನುಬದ್ಧವಾಗಿಯೇ ಕಸದ ಬುಟ್ಟಿ ಸೇರಿರಬಹುದು. ಆದ್ದರಿಂದ ಕ್ಲೇಮ್ ಹಾಕಿದ ವಾರದಲ್ಲೇ ಲೋಕಲ್ ಚೇರ್‌ಮನ್ ಲಿಖಿತವಾಗಿ ಕೇಳಬೇಕು: ಇಂಥ ಎಂಜಿನ್‌ನ ಇಂಥ ದಿನದ ತಪಾಸಣಾ ವರದಿ, ರಿಪೇರಿ ದಾಖಲೆ, ಆ ಹೊತ್ತಿನ ರೇಡಿಯೊ ಧ್ವನಿಮುದ್ರಣ, ಇವನ್ನು ಉಳಿಸಿ, ಪ್ರತಿ ಕೊಡಿ. ಕೊಡದಿದ್ದರೂ ಚಿಂತೆಯಿಲ್ಲ, ಕೇಳಿದ್ದು ಕಡತದಲ್ಲಿದ್ದರೆ, ತನ್ನ ಬಳಿಯಿದ್ದ ದಾಖಲೆಯನ್ನು ಕಂಪನಿ ತೋರಿಸಲಿಲ್ಲ ಎಂದು ವಾದಿಸಲು ನೆಲೆ ಸಿಗುತ್ತದೆ.

ಇನ್ನೊಂದು ಗೋಡೆ 1985ರದ್ದು. ಆ ವರ್ಷದ ರಾಷ್ಟ್ರೀಯ ಒಪ್ಪಂದದ ಪ್ರಕಾರ, ನವೆಂಬರ್ 1ರಿಂದ ರೈಲು ಸೇವೆಗೆ ಸೇರಿದವರಿಗೆ ‘ಒಂದೇ ಹೊತ್ತಿಗೆ ಎರಡು ಪಾವತಿ’ ಎನಿಸುವ ವಿಶೇಷ ಭತ್ಯೆಗಳು ಅನ್ವಯಿಸುವುದಿಲ್ಲ. ಎಂಜಿನಿಯರ್‌ಗಳಿಗೆ ಮರುವರ್ಷ ಇಂಥದೇ ನಿರ್ಬಂಧ ಬಂತು. ಈಗ ಕೆಲಸದಲ್ಲಿರುವವರಲ್ಲಿ ಅದಕ್ಕೂ ಮೊದಲು ಸೇರಿದವರನ್ನು ಹುಡುಕಬೇಕು, ಅಂದರೆ 40 ವರ್ಷದ ಸೇವೆಯವರನ್ನು. ಹಾಗಾಗಿ ಪುಸ್ತಕದಲ್ಲಿ ಅಚ್ಚಾಗಿರುವ ಎಷ್ಟೋ ಭತ್ಯೆಗಳು ಇಂದಿನವರಿಗೆ ಓದಲಿಕ್ಕಷ್ಟೇ ಇವೆ. ಕೆಟ್ಟ ಎಂಜಿನ್‌ನ ಕ್ಲೇಮ್‌ಗಳಿಗೂ ಕಂಪನಿಗಳು ಇದೇ ಅಸ್ತ್ರ ಹೂಡುತ್ತವೆ. ಉತ್ತರ ಇಲ್ಲದಿಲ್ಲ: ಮಾಡಿದ ಕೆಲಸಕ್ಕೆ ಕೊಡುವ ಭತ್ಯೆ ಬೇರೆ, ಒಪ್ಪಂದ ಮುರಿದದ್ದಕ್ಕೆ ಕೊಡುವ ಪರಿಹಾರ ಬೇರೆ, 1985ರ ನಿರ್ಬಂಧ ಮೊದಲನೆಯದಕ್ಕೆ ಮಾತ್ರ ಎಂದು ವಾದಿಸಬಹುದು. ಮಧ್ಯಸ್ಥರಲ್ಲಿ ಎರಡೂ ಅಭಿಪ್ರಾಯಗಳಿವೆ. ಆದ್ದರಿಂದ ಕ್ಲೇಮ್‌ನ ಮೊದಲ ಸಾಲಿನಲ್ಲೇ ‘ಭತ್ಯೆ’ ಎಂಬ ಪದ ಬಿಟ್ಟು ‘ಉಲ್ಲಂಘನೆಗೆ ಪರಿಹಾರ’ ಎಂದು ಬರೆಯುವುದು ಒಳ್ಳೆಯದು. ನಿಜವಾದ ವೇತನ ನಷ್ಟ ಇಲ್ಲದಿದ್ದರೆ ಪರಿಹಾರವೂ ಇಲ್ಲ ಎನ್ನುವ ಮಧ್ಯಸ್ಥರೂ ಇದ್ದಾರೆ. ಅವರ ಎದುರು ನಿಲ್ಲುವುದು ಪುನರಾವರ್ತನೆಯ ಪುರಾವೆ: ಇದೇ ಯಾರ್ಡಿನಿಂದ ಇದೇ ದೋಷದ ಎಂಜಿನ್‌ಗಳು ತಿಂಗಳಿಗೆ ಎಷ್ಟು ಬಾರಿ ಹೊರಟಿವೆ ಎಂಬ ಲೆಕ್ಕ.

ಈ ಲೆಕ್ಕ ಈಗ ಹಿಂದೆಂದಿಗಿಂತ ಮುಖ್ಯವಾಗಿದೆ. 2022ಕ್ಕೆ ಹಿಂದಿನ ಆರು ವರ್ಷಗಳಲ್ಲಿ ಅಮೆರಿಕದ ದೊಡ್ಡ ರೈಲು ಕಂಪನಿಗಳು ಒಟ್ಟು ಸಿಬ್ಬಂದಿಯಲ್ಲಿ ಸುಮಾರು 29 ಶೇಕಡಾ, ಅಂದರೆ 45,000 ಜನರನ್ನು ಕಡಿಮೆ ಮಾಡಿದವು ಎಂದು, ರೈಲು ಕಂಪನಿಗಳ ವ್ಯವಹಾರ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಸರ್ಫೇಸ್ ಟ್ರಾನ್ಸ್‌ಪೋರ್ಟೇಶನ್ ಬೋರ್ಡ್‌ನ ಆಗಿನ ಅಧ್ಯಕ್ಷ ಮಾರ್ಟಿನ್ ಓಬರ್‌ಮನ್ ಹೇಳಿದ್ದರು. ಶೆಡ್ಡಿನ ಮೆಕ್ಯಾನಿಕ್‌ಗಳೂ ಅದರಲ್ಲಿದ್ದರು. 2023ರ ಬೇಸಿಗೆಯಲ್ಲಿ ಫೆಡರಲ್ ತಪಾಸಕರು ಯೂನಿಯನ್ ಪೆಸಿಫಿಕ್ ಕಂಪನಿಯ ನಾರ್ತ್ ಪ್ಲಾಟ್ ಯಾರ್ಡಿಗೆ ಹೋದಾಗ, ನೋಡಿದ ಎಂಜಿನ್‌ಗಳಲ್ಲಿ ದೋಷದ ಪ್ರಮಾಣ 72.69 ಶೇಕಡಾ ಇತ್ತು; ವ್ಯಾಗನ್‌ಗಳಲ್ಲಿ 19.93. ಆಗ ಫೆಡರಲ್ ರೈಲ್‌ರೋಡ್ ಅಡ್ಮಿನಿಸ್ಟ್ರೇಷನ್‌ನ ಮುಖ್ಯಸ್ಥರಾಗಿದ್ದ ಅಮಿತ್ ಬೋಸ್ ಸೆಪ್ಟೆಂಬರ್‌ನಲ್ಲಿ ಕಂಪನಿಗೆ ಪತ್ರ ಬರೆದು, ವ್ಯಾಗನ್‌ಗಳ ಪ್ರಮಾಣ ದೇಶದ ಸರಾಸರಿಯ ಎರಡರಷ್ಟು ಎಂದರು. ಜಗತ್ತಿನ ಅತಿ ದೊಡ್ಡ ಯಾರ್ಡಿನ ಸ್ಥಿತಿ ಇದು. ಎಂಜಿನ್ ಕೆಟ್ಟಿರುವುದನ್ನು ಸಿಬ್ಬಂದಿ ಹೇಳಿದಾಗ ಅದು ಸೋಮಾರಿಗಳ ಗೊಣಗಾಟ ಎನ್ನುವವರು ಈ ಅಂಕಿಗಳನ್ನು ಓದಬೇಕು.

ಹೊರಡಲು ನಿರಾಕರಿಸಬಹುದೇ? ಟಾಯ್ಲೆಟ್‌ಗಾಗಿ ನಿರಾಕರಿಸಿದರೆ ಶಿಸ್ತುಕ್ರಮದ ಅಪಾಯ ದೊಡ್ಡದು. ‘ಮೊದಲು ಆದೇಶ ಪಾಲಿಸು, ಆಮೇಲೆ ದೂರು ಕೊಡು’ ಎಂಬುದು ಮಧ್ಯಸ್ಥರು ಎತ್ತಿಹಿಡಿಯುವ ತತ್ವ. ಪ್ರಾಣಾಪಾಯದ ದೋಷ ಬೇರೆ. ಫೆಡರಲ್ ರೈಲು ಸುರಕ್ಷತಾ ಕಾಯ್ದೆಯ 20109ನೇ ಸೆಕ್ಷನ್ ಅಪಾಯವನ್ನು ವರದಿ ಮಾಡಿದವರನ್ನೂ, ಗಂಭೀರ ಅಪಾಯ ಎದುರಾದಾಗ ಕೆಲಸ ನಿರಾಕರಿಸಿದವರನ್ನೂ ರಕ್ಷಿಸುತ್ತದೆ. ಕ್ಲೇಮ್ ಹಾಕಿದ್ದಕ್ಕೋ ದೋಷ ಹೇಳಿದ್ದಕ್ಕೋ ಕಿರುಕುಳ ಶುರುವಾದರೆ 180 ದಿನದೊಳಗೆ ಕಾರ್ಮಿಕ ಇಲಾಖೆಯ ಕೆಲಸದ ಸುರಕ್ಷತಾ ಸಂಸ್ಥೆಯಾದ ಓಶಾಕ್ಕೆ ದೂರು ಹೋಗಬೇಕು. ಯೂನಿಯನ್ನಿನ ಮೇಲ್ಮನವಿ ನಡೆಯುತ್ತಿದೆ ಎಂದು ಕಾದರೆ ಆ 180 ದಿನ ನಿಲ್ಲುವುದಿಲ್ಲ.

ನಮ್ಮ ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯುಡಿಜಿ-4 ಎಂಜಿನ್‌ಗಳು ಮೂಲದಲ್ಲಿ ಅಮೆರಿಕದ ಇಎಂಡಿ ಕಂಪನಿಯ ವಿನ್ಯಾಸದವು. ಎಂಜಿನ್ ಒಂದೇ ಕುಲದ್ದಾದರೂ ಕೂಲಿಯ ಪದ್ಧತಿ ಬೇರೆ. ಇಲ್ಲಿನ ಲೋಕೊ ಪೈಲಟ್ ದೋಷವನ್ನು ಲಾಗ್ ಬುಕ್ಕಿನಲ್ಲಿ ಬರೆಯುತ್ತಾರೆ, ಮೈಲೇಜ್ ಭತ್ಯೆ ಓಡಿದ ಕಿಲೋಮೀಟರಿಗೆ ಸಿಗುತ್ತದೆ, ಕ್ಯಾಬಿನ ಸೆಕೆಗೋ ಟಾಯ್ಲೆಟ್ ಇಲ್ಲದ್ದಕ್ಕೋ ಪೆನಾಲ್ಟಿ ಕೇಳುವ ದಾರಿಯಿಲ್ಲ. 2025ರ ಏಪ್ರಿಲ್‌ನಲ್ಲಿ ರೈಲ್ವೆ ಮಂಡಳಿ, ಊಟಕ್ಕೂ ಶೌಚಕ್ಕೂ ವಿರಾಮವನ್ನು ನಿಯಮವಾಗಿಸುವುದು ಕಾರ್ಯಸಾಧ್ಯವಲ್ಲ ಎಂಬ ಸಮಿತಿಯ ಮಾತನ್ನು ಒಪ್ಪಿಕೊಂಡಿತು. ಅಮೆರಿಕದ ಸಿಬ್ಬಂದಿಯ ಒಪ್ಪಂದದ ಒಂದೊಂದು ಸಾಲಿನ ಬೆಲೆ ತಿಳಿಯುವುದು ಇದರ ಪಕ್ಕದಲ್ಲಿಟ್ಟು ನೋಡಿದಾಗ.

ಒಪ್ಪಂದದಲ್ಲಿ ಆ ಸಾಲೇ ಇಲ್ಲದ ಟರ್ಮಿನಲ್‌ನವರು ಕ್ಲೇಮ್ ಹಾಕಿ ಏನು ಪ್ರಯೋಜನ ಎಂದು ಕೇಳಬಹುದು. ದುಡ್ಡು ಬರುವುದಿಲ್ಲ, ನಿಜ. ಆದರೆ ಒಪ್ಪಂದ ಬದಲಿಸಲು ಯೂನಿಯನ್ ರೈಲ್ವೆ ಲೇಬರ್ ಕಾಯ್ದೆಯ 6ನೇ ಸೆಕ್ಷನ್‌ನಡಿ ನೋಟಿಸ್ ಕೊಡುವ ದಿನ ಬರುತ್ತದೆ. ಆಗ ಮೇಜಿನ ಮೇಲೆ ಇಡಬೇಕಾದದ್ದು ಎಂಜಿನ್ ಸಂಖ್ಯೆ, ದಿನ, ಸಮಯ, ಥರ್ಮಾಮೀಟರಿನ ಅಂಕಿ, ಯಾರ್ಡ್‌ಮಾಸ್ಟರ್‌ನ ಉತ್ತರ ಇರುವ ಇನ್ನೂರು ತಿರಸ್ಕೃತ ಕ್ಲೇಮ್‌ಗಳ ಕಟ್ಟು. ಅದಕ್ಕೆ ಇಂದಿನ ರಾತ್ರಿಯ ಹಾಳೆಯೂ ಸೇರಬೇಕು.